ಹತ್ತೂಕಾಲಿನ ಮಾತ್ರೆ

ಮಾತ್ರೆ ನುಂಗಿದ್ದು ಹತ್ತೂಕಾಲಿಗೆ. ಅಕ್ಕ ಹೇಳಿ ಕಳಿಸಿದ್ದು ಹನ್ನೊಂದಕ್ಕೆ ಬರುತ್ತೇನೆಂದು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಹನ್ನೊಂದರ ಹೊತ್ತಿಗೆ ಕಲಾವತಿಯ ಜೋತ ರೆಪ್ಪೆಗಳು ಮೇಲೆದ್ದಿದ್ದವು, ಮೂಗಿನಲ್ಲಿ ಬರುತ್ತಿದ್ದ ಮಾತು ಬಾಯಿಗೆ ಬಂದಿತ್ತು, ಕನ್ನಡಿ ಮುಂದೆ ನಿಂತು ನಕ್ಕರೆ ನಗು ನಗುವಿನ ಹಾಗೇ ಕಾಣುತ್ತಿತ್ತು. ಬರಬೇಕಾದ ಅಕ್ಕ ಮುನಿನಾರಾಯಣಮ್ಮ ಮಾತ್ರ ಆರ್.ಟಿ. ನಗರದ ನೆಂಟರಿಗೆ ತನ್ನ ಮಗಳ ಲಗ್ನಪತ್ರಿಕೆ ಕೊಟ್ಟು ಹೊರಟವಳು ಹೆಬ್ಬಾಳದ ಜಾಮಿನಲ್ಲಿ ಸಿಕ್ಕಿಕೊಂಡಿದ್ದಳು.

ಒಂದೂವರೆಗೆ ಎಡಗಣ್ಣಿನ ರೆಪ್ಪೆ ಇಳಿಯತೊಡಗಿತು. ಕಲಾವತಿ ಅಡುಗೆಮನೆಯಿಂದಲೇ ಮಗಳನ್ನು ಕೂಗಿದಳು.

"ಬಿಂದು, ಇನ್ನೊಂದು ನುಂಗ್ಬಿಡ್ಲೇನೇ?"

"ಎರಡೂಕಾಲಿಗೆ ಮುಂಚೆ ಬೇಡಮ್ಮ." ಬಿಂದುಶ್ರೀ ಫಾರ್ಮಸಿ ಕಾಲೇಜಿನ ಮೊದಲ ವರ್ಷದವಳು, ಹೊಸದಾಗಿ ಕಲಿತ ಪಾಠ ನಾಲಿಗೆ ತುದಿಯಲ್ಲೇ ಇರುತ್ತಿತ್ತು. "ನರ ಹೇಳಿದ್ದನ್ನ ಸ್ನಾಯುಗೆ ಮುಟ್ಸೋಕೆ ಒಂದು ರಸ ಸುರಿಯುತ್ತೆ. ನಿಂಗೆ ಆ ರಸ ಹಿಡ್ಕೊಳ್ಳೋ ಜಾಗಾನೇ ಕಮ್ಮಿ ಆಗಿದೆ. ಇರೋ ರಸ ಬೇಗ ಒಡೆದು ಹೋಗ್ದಂಗೆ ತಡೆಯೋದು ಅಷ್ಟೇ ಈ ಮಾತ್ರೆ ಕೆಲಸ. ಜಾಸ್ತಿ ಆದ್ರೆ ಉಸಿರಾಡೋದೂ ಕಷ್ಟ ಆಗುತ್ತೆ, ಗೊತ್ತಾ?"

ಗೊತ್ತಿಲ್ಲದೆ ಏನು! ಗೊತ್ತಿಲ್ಲದೆ ಇದ್ದದ್ದು ಆರು ವರ್ಷದ ಹಿಂದೆ, ಅಕ್ಕನ ಮಗ ಮಹೇಂದ್ರನ ಮದುವೆಯಲ್ಲಿ. ಹೆಸರೂ ತಿಳಿಯದ ಕಾಯಿಲೆ ಅದಾಗಲೇ ಒಳಗೆ ಸೇರಿಕೊಂಡಿತ್ತು. ಅಕ್ಷತೆ ಹಾಕಲು ಹೋದ ಕಲಾವತಿ ಮದುಮಗಳನ್ನು ನೋಡಿ ಸಂತೋಷದಿಂದ ನಕ್ಕಳು. ಆದರೆ ಕಣ್ಣು ಅರೆ ಮುಚ್ಚಿ, ಮೇಲ್ತುಟಿ ಎದ್ದು, ಹಲ್ಲು ಮಾತ್ರ ಕಂಡಿತು. "ಹೊಟ್ಟೆಕಿಚ್ಚಿನೋಳು, ನನ್ನ ಸೊಸೇನ ಅಣಕಿಸಿದ್ಲು" ಎಂದು ಮುನಿನಾರಾಯಣಮ್ಮ ಜಕ್ಕೂರಿನಿಂದ ಕೊಡಿಗೇಹಳ್ಳಿವರೆಗೆ ಸಾರಿದ್ದಳು. ವರ್ಷ ಕಳೆದು ಡಾಕ್ಟರು ಕಾಯಿಲೆ ಗುರುತಿಸಿದಾಗ ಕಲಾವತಿ ಪಕ್ಕದ ಮನೆ ರತ್ನಕ್ಕನ ಕೈಲಿ ಹೇಳಿ ಕಳಿಸಿದಳು. "ಅಣಕಿಸಾಕೂ ಒಂದು ಕಾಯಿಲೆ ಬತ್ತದಾ?" ಎಂಬ ಉತ್ತರ ಬಂತು. ಅವತ್ತಿನಿಂದ ಕಲಾವತಿಗೆ ಒಂದೇ ಆಸೆ: ಸಾಯುವುದರೊಳಗೆ ಒಂದೇ ಒಂದು ಸಲ ಅಕ್ಕನ ಎದುರು ನೆಟ್ಟಗೆ ನಗಬೇಕು.

ಎರಡೂಕಾಲಿನ ಮಾತ್ರೆಯನ್ನು ಆಗಷ್ಟೇ ನುಂಗಿ ನೀರು ಕುಡಿಯುತ್ತಿದ್ದಳು, ಬಾಗಿಲಲ್ಲಿ ಕಾರಿನ ಹಾರ್ನ್ ಕೇಳಿತು. ಮಾತ್ರೆ ಕೆಲಸ ಮಾಡಲು ಮುಕ್ಕಾಲು ಗಂಟೆಯಾದರೂ ಬೇಕು.

"ಕೂರಾಕೆ ಟೈಮಿಲ್ಲ," ಅಂದುಕೊಂಡೇ ಒಳಗೆ ಬಂದಳು ಮುನಿನಾರಾಯಣಮ್ಮ. ಒಡಹುಟ್ಟಿದವಳಿಗೆ ತಾನೇ ಕುಂಕುಮ ಕೊಟ್ಟು ಕರೆಯದಿದ್ದರೆ ಮದುವೆಮನೆಯಲ್ಲಿ ಹತ್ತು ಜನ ಕೇಳುತ್ತಾರೆ, ಅಷ್ಟಕ್ಕಾಗಿ ಬಂದಿದ್ದಳು. "ತಗೋ, ಕುಂಕುಮ ಇಟ್ಕೋ. ಇಪ್ಪತ್ತನೇ ತಾರೀಕು, ಎಲ್ರೂ ಬಂದ್ಬಿಡಿ."

"ಅಕ್ಕಾ..." ಮಾತು ಮೂಗಿನೊಳಗೇ ಉಳಿಯಿತು. ರೆಪ್ಪೆಗಳೆರಡೂ ಪೂರ್ತಿ ಇಳಿದಿದ್ದವು. ಅಕ್ಕ ಎಲ್ಲಿ ನಿಂತಿದ್ದಾಳೆಂದು ಬಳೆ ಸದ್ದಿನಿಂದ ತಿಳಿಯಬೇಕಾಗಿತ್ತು. ಆದರೂ ಆರು ವರ್ಷದ ಮೇಲೆ ಹೊಸಿಲು ತುಳಿದ ಅಕ್ಕ! ತಡೆಯಲಾಗಲಿಲ್ಲ ಅವಳಿಗೆ, ನಕ್ಕುಬಿಟ್ಟಳು. ತುಟಿ ಸೊಟ್ಟಗೆ ಎದ್ದ ಕೂಡಲೇ ಕೆಟ್ಟೆ ಅನ್ನಿಸಿತು.

ಬಳೆ ಸದ್ದು ನಿಂತಿತು. "ನೋಡು, ನೋಡು, ಅದೇ ಮುಖ! ಮನೆ ಬಾಗ್ಲಿಗೆ ಬಂದೋಳ್ಗೂ ಇಂಗೇನಾ?"

"ದೊಡ್ಡಮ್ಮ, ಎರಡೇ ನಿಮಿಷ ಇರಿ. ಆಮೇಲೆ ಎಷ್ಟು ಬೇಕಾದ್ರೂ ಬೈಯೀರಂತೆ," ಎಂದು ಬಿಂದುಶ್ರೀ ಫ್ರಿಜ್ಜಿನತ್ತ ಓಡಿದಳು. ಐಸಿನ ತುಂಡುಗಳನ್ನು ಕರ್ಚೀಫಿಗೆ ಸುತ್ತಿ ತಂದು, ತಾಯಿಯನ್ನು ಕೂರಿಸಿ ಎಡಗಣ್ಣಿನ ಮೇಲೆ ಒತ್ತಿ ಹಿಡಿದಳು.

"ಇದೇನೇ ಇದು, ಮಾಟಾನಾ ಮಂತ್ರಾನಾ?"

"ಹೋದ ವಾರ ಕ್ಲಾಸಲ್ಲಿ ಹೇಳಿದ್ರು ದೊಡ್ಡಮ್ಮ. ತಣ್ಣಗಾದ್ರೆ ರೆಪ್ಪೆಗೆ ಸ್ವಲ್ಪ ಹೊತ್ತು ಬಲ ಬರುತ್ತಂತೆ."

ಹೊರಗೆ ಹಾರ್ನ್ ಎರಡು ಸಲ ಬಡಿದುಕೊಂಡಿತು. "ಅಮ್ಮಾ, ಇನ್ನೂ ನಾಲ್ಕು ಮನೆ ಐತೆ!" ಎಂದು ಮಹೇಂದ್ರ ಕೂಗಿದ. ಕಣ್ಣು ಚಳಿಗೆ ಮರಗಟ್ಟುತ್ತಿದ್ದರೂ ಕಲಾವತಿಯ ಕಿವಿಯೆಲ್ಲ ಬಾಗಿಲ ಕಡೆಗೇ. ಹೋದಳೇನೋ, ಹೋಗಿಯೇಬಿಟ್ಟಳೇನೋ ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ಬಳೆ ಸದ್ದು ಇದ್ದಲ್ಲೇ ಇತ್ತು.

ಬಿಂದುಶ್ರೀ ಐಸು ತೆಗೆದಳು. ರೆಪ್ಪೆ ಅದುರಿತು, ಮೆಲ್ಲಗೆ ಎದ್ದಿತು, ಪೂರ್ತಿ ತೆರೆಯಿತು. ಎದುರಿಗೆ ಅಕ್ಕ. ಬೈತಲೆಯ ಎರಡೂ ಕಡೆ ಕೂದಲು ನೆರೆತಿತ್ತು, ಕೆನ್ನೆ ಇಳಿದಿತ್ತು. ಅಯ್ಯೋ, ಎಷ್ಟು ವಯಸ್ಸಾಗಿಹೋಗಿದೆ ಇವಳಿಗೆ! ನೋಡಿದಷ್ಟೂ ಸಾಲದು ಅನ್ನಿಸಿ ಕಲಾವತಿ ಮತ್ತೆ ನಕ್ಕಳು. ತುಟಿಗೆ ಐಸು ಮುಟ್ಟಿರಲಿಲ್ಲ. ಅದು ಮೊದಲಿನ ಹಾಗೇ ಮೇಲೆದ್ದು ಹಲ್ಲು ಕಿರಿಯಿತು. ಮೇಲೆ ಒಂದು ಕಣ್ಣು ಮಾತ್ರ ಅಗಲವಾಗಿ ತೆರೆದು, ಚಿಕ್ಕಂದಿನಲ್ಲಿ ನಗುತ್ತಿದ್ದ ಹಾಗೇ ನಗುತ್ತಿತ್ತು.

ಮುನಿನಾರಾಯಣಮ್ಮ ಆ ಬಾಯಿಯನ್ನು ನೋಡಿದಳು. ಆ ಕಣ್ಣನ್ನು ನೋಡಿದಳು. ತಿರುಗಿ ಬಾಯಿಯನ್ನು ನೋಡಿದಳು. ಹಾರ್ನ್ ಮತ್ತೆ ಕೂಗಿತು. ಅವಳು ಕುಂಕುಮದ ಭರಣಿ ಹಿಡಿದುಕೊಂಡೇ ತಂಗಿಯ ಪಕ್ಕ ಕೂತಳು.

"ಅಂಗಾರೆ..." ಭರಣಿ ಮಡಿಲಲ್ಲಿಟ್ಟು ತಂಗಿಯ ಕೆನ್ನೆ ಮುಟ್ಟಿದಳು. "ಅವತ್ತು ಮದ್ವೇಲೂ ನೀನು ನಕ್ಕಿದ್ದಾ, ಕಲಾ?"