ಎಂಟು ದಿನದ ಕಡಿತ

"ತಿಂಗಳಲ್ಲಿ ಎಂಟು ದಿನ ಮಗು ನನ್ನತ್ರ ಇರ್ತದೆ ಮೇಡಂ. ಆ ಎಂಟು ದಿನದ್ದು ಕಳೀರಿ," ಎಂದು ಅಶೋಕ್ ಮೊಬೈಲಿನಲ್ಲಿ ಲೆಕ್ಕ ಮಾಡಿ ಮೇಜಿನ ಮೇಲಿಟ್ಟ. ಒಂಬತ್ತು ಸಾವಿರದಲ್ಲಿ ಎರಡು ಸಾವಿರದ ನಾನೂರು ಹೋಗಿತ್ತು.

ರಾಮನಗರದ ಕೋರ್ಟಿನ ರಾಜಿ ಕೋಣೆಯಲ್ಲಿ ಭಾನುಪ್ರಿಯ ಗಂಡನ ಎದುರು ಕೂತಿದ್ದು ಇದು ಮೂರನೆಯ ಸಲ. ಪ್ರತಿ ಸಲವೂ ಗಾರ್ಮೆಂಟ್ಸಿನ ಒಂದು ದಿನದ ಸಂಬಳ ಬಿಟ್ಟು ಕುದೂರಿನಿಂದ ಬಂದಿದ್ದಳು. ಆರು ವರ್ಷದ ಮಗಳು ಸಿರಿ ಅವಳ ಬಳಿ ಇರುವುದು, ಶನಿವಾರ ಭಾನುವಾರ ಸೋಲೂರಿಗೆ ಅಪ್ಪನ ಮನೆಗೆ ಹೋಗುವುದು ಎಂದು ಹೋದ ಸಲವೇ ತೀರ್ಮಾನವಾಗಿತ್ತು. ಉಳಿದಿದ್ದು ತಿಂಗಳಿಗೆ ಒಂಬತ್ತು ಸಾವಿರದ ಜೀವನಾಂಶ.

"ಸ್ಕೂಲ್ನೋರು ಎಂಟು ದಿನದ ಫೀಸು ಬುಡ್ತಾರಾ? ಓನರ್ರು ಬಾಡಿಗೆ ಬುಡ್ತಾರಾ?" ಭಾನುಪ್ರಿಯಳ ದನಿ ಬಾಗಿಲಾಚೆಗೂ ಕೇಳಿತು. "ಅವ್ಳು ಎರಡು ದಿನ ನಿಮ್ಮನೇಲಿ ಉಂಡ್ರೆ ನಂಗೆ ಉಳಿಯೋದು ನಾಕು ಮುದ್ದೆ!"

"ಲೆಕ್ಕ ಅಂದ್ರೆ ಲೆಕ್ಕ."

"ಹಂಗಾದ್ರೆ ಹದಿನೈದು ದಿನ ನೀನೇ ಇಟ್ಕೊ. ಜ್ವರ ಬಂದ್ರೆ ಕೆಲ್ಸ ಬುಟ್ಟು ಪಕ್ಕದಲ್ಲಿ ಕೂತ್ಕೊ. ನನ್ ಸಂಬಳದಲ್ಲಿ ನಿಂಗೆ ನಾನೇ ಕೊಡ್ತೀನಿ!"

ಅಶೋಕ್ ಜೆಸಿಬಿ ಕೆಲಸ, ಪುರುಸೊತ್ತಿಲ್ಲ ಎಂದೇನೋ ಗೊಣಗಿದ. ರಾಜಿ ಮಾಡಿಸುತ್ತಿದ್ದ ವಕೀಲೆ ಮಹ್ವಿಶ್ ಮೊಬೈಲನ್ನು ಅವನ ಕಡೆಗೇ ಸರಿಸಿದರು. "ವಾರಕ್ಕೆರಡು ದಿನ ಕರ್ಕೊಂಡು ಹೋದ್ರೆ ಮಗುವಿನ ಖರ್ಚು ಹೀಗೆ ದಿನದ ಲೆಕ್ಕದಲ್ಲಿ ಇಳಿಯಲ್ಲ. ನಿಮ್ಮ ಸಂಪಾದನೆಗೆ ಒಂಬತ್ತು ಸಾವಿರ ಹೆಚ್ಚೂ ಅಲ್ಲ."

"ಒಸಿನೂ ಕಮ್ಮಿ ಆಗಲ್ವಾ?"

"ಇಲ್ಲ."

"ಹಂಗಾದ್ರೆ ಶನಿವಾರ ಭಾನುವಾರ ನಂಗ್ಯಾಕೆ? ಅವ್ಳತ್ರನೇ ಇರ್ಲಿ ಬುಡಿ."

ಮಹ್ವಿಶ್ ಬರೆಯುವುದನ್ನು ನಿಲ್ಲಿಸಿದರು. ಭಾನುಪ್ರಿಯ ಎದ್ದ ರಭಸಕ್ಕೆ ಕುರ್ಚಿ ಉರುಳಿತು. "ಬರ್ಕಳಿ ಮೇಡಂ! ಈಗಂದ್ನಲ್ಲ, ಆ ಮಾತ್ನ ಹಂಗಂಗೇ ಬರ್ಕಳಿ! ಮಗು ದೊಡ್ಡದಾದ್ಮೇಲೆ ಓದ್ಕಳ್ಳಿ!"

"ಇಲ್ಲಿ ಆಡಿದ ಮಾತು ಬರೆಯೋ ಹಾಗಿಲ್ಲಮ್ಮ," ಎಂದರು ಮಹ್ವಿಶ್, ಅವಳ ಮುಖ ನೋಡಲಾರದೆ. ಅಷ್ಟರಲ್ಲಿ ಅಶೋಕ್ ಒಂಬತ್ತು ಸಾವಿರದ ಕರಾರಿಗೆ ಸಹಿ ಹಾಕಿ, ಬೈಕಿನ ಕೀ ತೆಗೆದುಕೊಂಡು ಹೊರಟೇ ಹೋದ.

ಕುದೂರಿನಲ್ಲಿ ಬಸ್ಸಿಳಿದು ಭಾನುಪ್ರಿಯ ಮನೆ ಸೇರುವಾಗ ಶುಕ್ರವಾರದ ಸಂಜೆಯಾಗಿತ್ತು. ಒಳಗೆ ಸಿರಿ ಸ್ಕೂಲ್ ಬ್ಯಾಗಿನ ಪುಸ್ತಕಗಳನ್ನೆಲ್ಲ ಚಾಪೆಗೆ ಸುರಿದು, ಫ್ರಾಕು ಮಡಚಿ ತುಂಬುತ್ತಿದ್ದಳು.

"ಅಮ್ಮ, ನಾಳೆ ಅಪ್ಪ ಬತ್ತಾರಲ್ಲ, ಎರಡು ದಿನಕ್ಕೆ ಎಷ್ಟು ಬಟ್ಟೆ ಬೇಕು?"