ಮೂರು ಬೆರಳ ತುದಿ

ಅಮಾವಾಸ್ಯೆಗೆ ಕಲ್ಲುಕ್ವಾರಿಗೆ ರಜೆ. ಅಂದು ಕಾಲೊನಿಯ ಹೆಂಗಸರೆಲ್ಲ ಗಂಡಂದಿರ ಕೈಗೆ ಎಣ್ಣೆ ಹಚ್ಚುತ್ತಾರೆ, ಹಚ್ಚುತ್ತ ಆ ಕೈ ಏನೇನು ಮಾಡಿದೆಯೆಂದು ಓದುತ್ತಾರೆ. ಮೂರು ತಿಂಗಳು ಒಂದೇ ಕೆಲಸ ಮಾಡಿದರೆ ಸಾಕು, ಮೈ ಆ ಕೆಲಸದ ಆಕಾರಕ್ಕೆ ಬಂದುಬಿಡುತ್ತದೆ.

ಯಮನೂರಪ್ಪನ ಅಂಗೈ ಎತ್ತಿನ ಗೊರಸಿನಂತೆ ಗಟ್ಟಿಯಾಗಿತ್ತು, ನಡುವೆ ಸುತ್ತಿಗೆಯ ಹಿಡಿ ಕೂರುವ ಕುಣಿ. ಆದರೆ ಮೂರು ಬೆರಳ ತುದಿಯಲ್ಲಿ ಅವರೆಕಾಳಿನಷ್ಟು ಮೆತ್ತನೆಯ ಉಬ್ಬುಗಳು ಎದ್ದಿದ್ದವು.

"ಇದು ಕಲ್ಲಿನ ಕೆಲಸದ್ದಲ್ಲ. ದಿನಾ ಏನ್ ಮುಟ್ಟತೀರಿ?" ಎಂದಳು ದೇವಕ್ಕ.

"ಏನೂ ಇಲ್ಲ ಬಿಡು." ಅವನು ಕೈ ಎಳೆದುಕೊಂಡ.

ತಬಲಾದವರ ಬೆರಳು ಅವಳಿಗೆ ಗೊತ್ತು, ದರ್ಜಿಯದೂ ಗೊತ್ತು. ಇವು ಯಾರದೋ ಮೈಯನ್ನು ಮೆಲ್ಲಗೆ ಮುಟ್ಟುವ ಬೆರಳು. ಯಾವಾಗ? ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಅವಳು ಗುಳಿಗೆ ನುಂಗಿ ಮಲಗಿರುತ್ತಿದ್ದಳು; ಆಗಲೇ ಇರಬೇಕು. ಮೂರು ತಿಂಗಳ ಹಿಂದೆ ಏದುಸಿರಿಗೆಂದು ಪಟ್ಟಣದ ಡಾಕ್ಟರು ಕೊಟ್ಟ ಗುಳಿಗೆ ಅದು. ಅಂದು ಅವಳನ್ನು ಹೊರಗೆ ಕೂಡಿಸಿ ಗಂಡನೊಬ್ಬನ ಹತ್ತಿರವೇ ಮಾತಾಡಿದ್ದರು. "ಬರೇ ನಿಶ್ಶಕ್ತಿ ಅಂತ," ಎಂದಿದ್ದ ಅವನು.

ಮರುದಿನ ಅವಳು ಗುಳಿಗೆಯನ್ನು ಸೆರಗಿನಲ್ಲಿ ಗಂಟು ಹಾಕಿ, ಕಣ್ಣು ಮುಚ್ಚಿ ಮಲಗಿದಳು. ಅವನು ಉಂಡು ಕೈ ತೊಳೆದ ಸದ್ದಾಯಿತು. ಅವನಿಗಾಗಿ ಪಕ್ಕದ ಮನೆಯ ಬಾಗಿಲು ತೆರೆಯುತ್ತದೆಂದು ಕಿವಿಗೊಟ್ಟಳು. ತೆರೆಯಲಿಲ್ಲ.

ಯಮನೂರಪ್ಪ ಅವಳ ಮಗ್ಗುಲಲ್ಲೇ ಕೂತ. ಮೂರು ಬೆರಳು ಅವಳ ಮಣಿಕಟ್ಟಿಗೆ ಇಳಿದವು. ನಾಡಿ ಮಿಡಿಯುವ ಕಡೆ ಮೂರೂ ಉಬ್ಬುಗಳು ಅಚ್ಚಿನಲ್ಲಿ ಬೆಲ್ಲ ಕೂತಂತೆ ಕೂತವು. ಅವನು ಪಿಸುದನಿಯಲ್ಲಿ ಎಣಿಸತೊಡಗಿದ.

ದೇವಕ್ಕ ಕಣ್ಣು ತೆರೆಯಲಿಲ್ಲ. "ಡಾಕ್ಟರು ನಿಮಗ ಏನ್ ಹೇಳ್ಯಾರ?"

ಎಣಿಕೆ ನಿಂತಿತು. ಬೆರಳು ಮಾತ್ರ ಏಳಲಿಲ್ಲ.