ಪೆನ್‌ಡ್ರೈವಿನ ಮೂರನೇ ಹಾಡು

ಮೂರನೇ ಹಾಡಿನ ನಡುವೆ ಯಾರದೋ ಕುರ್ಚಿ ಕಿರುಗುಟ್ಟಿತು. ಶಾಲೆಯ ಗೇಟಿನೆದುರು ವ್ಯಾನ್ ನಿಲ್ಲಿಸಿಕೊಂಡಿದ್ದ ಡ್ರೈವರನ ಕಿವಿ ನೆಟ್ಟಗಾಯಿತು. ದುಡ್ಡು ಕೊಟ್ಟು ಕೊಂಡಿದ್ದ ಹಾಡುಗಳು ಅವನ ಫೋನು ಬಿಟ್ಟು ಬೇರೆಲ್ಲೂ ಹಾಡುತ್ತಿರಲಿಲ್ಲ. ವ್ಯಾನಿನಲ್ಲೂ ಕೇಳುವಂತೆ ಬದಲಾಯಿಸಿ ಪೆನ್‌ಡ್ರೈವಿಗೆ ಹಾಕಿಕೊಡು ಅಂತ ಮೊಬೈಲ್ ಅಂಗಡಿಯ ಭಾವಮೈದನಿಗೆ ಕೊಟ್ಟರೆ, ಆ ಮೈಗಳ್ಳ ಒಂದು ಫೋನಿನಲ್ಲಿ ಹಾಡು ಹಚ್ಚಿ, ಇನ್ನೊಂದರಲ್ಲಿ ರೆಕಾರ್ಡ್ ಮಾಡಿ ಕೈತೊಳೆದುಕೊಂಡಿದ್ದ!

"ನಿನ್ನ ತಮ್ಮ ನನ್ನ ಕಿವಿ ಮೇಲೆ ಹೂ ಇಟ್ಟಿದ್ದಾನೆ ಕಣೇ!"

ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸಕ್ಕೆ ಜೊತೆಗೆ ಬರುವ ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಗೇಟಿನತ್ತ ನೋಡುತ್ತಾ ಡ್ಯಾಶ್‌ಬೋರ್ಡಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದವಳು ತುಟಿ ಬಿಚ್ಚಲಿಲ್ಲ. ಓಹೋ, ಇವಳಿಗೂ ಮೊದಲೇ ಗೊತ್ತಿತ್ತು! ಅಕ್ಕ ತಮ್ಮ ಸೇರಿಕೊಂಡೇ ಮಾಡಿದ್ದಾರೆ. ಇನ್ನೂ ಏನೇನು ಸಿಗುತ್ತದೋ ನೋಡೋಣ ಎಂದು ಅವನು ಸದ್ದು ಹೆಚ್ಚಿಸಿದ.

ಹಾಡಿನ ಹಿಂದಿನಿಂದ ಅವಳದೇ ದನಿ ಕೇಳಿಸಿತು. "ಮುಖ ನೋಡ್ತಿದ್ರೆ ಮಾತು ಹೇಗೋ ತಿಳಿಯುತ್ತೆ ಕಣೋ. ಹಾಡು ಮಾತ್ರ ಈಗ ಒಂದೂ ಕೇಳ್ಸಲ್ಲ. ನಿಮ್ಮ ಭಾವಂಗೆ ಹೇಳ್ಬೇಡ. ಪಾಪ, ಎಲ್ಲಾ ನಂಗೋಸ್ಕರ ಕೊಂಡಿರೋದು."

ಅವನು ತಟ್ಟನೆ ಹಾಡು ನಿಲ್ಲಿಸಿದ. ಡ್ಯಾಶ್‌ಬೋರ್ಡಿನ ಮೇಲೆ ಅವಳ ಬೆರಳು ತಾಳ ಹಾಕುತ್ತಲೇ ಇತ್ತು.

"ಈ ಹಾಡು ಎಷ್ಟು ಚೆನ್ನಾಗಿದೆ ಅಲ್ವೇನ್ರೀ?" ಎಂದಳು, ಗೇಟಿನಿಂದ ಕಣ್ಣು ತೆಗೆಯದೆ.